ಅಗೆದಷ್ಟೂ ಪುಸ್ತಕ: ಭಾಲ್ಕಿ ಸೀಮೆಯ ಸಾವಿರ ವರ್ಷದ ಗ್ರಂಥಾಲಯ

ಬೀದರ್ ಜಿಲ್ಲೆ ಎಂದರೆ ಹೊರಗಿನವರಿಗೆ ನೆನಪಾಗುವುದು ಕೋಟೆ, ಬಿದ್ರಿ ಕಲೆ, ಝರಣಿ ನರಸಿಂಹ, ಗುರುದ್ವಾರ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಹಿಂದುಳಿದ ಜಿಲ್ಲೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಪಟ್ಟಿಯನ್ನು ಕೆಳಗಿನಿಂದ ನೋಡುವ ರೂಢಿ ಇಲ್ಲಿಯವರಿಗೇ ಬಂದುಬಿಟ್ಟಿದೆ. ಆದರೆ ಒಮ್ಮೆ ಬೇರೆ ಪ್ರಶ್ನೆ ಕೇಳಿ ನೋಡಿ. ಈ ಸೀಮೆಯಲ್ಲಿ ಪುಸ್ತಕ ಎಲ್ಲಿಡುತ್ತಿದ್ದರು? ಯಾರು ಕಾಯುತ್ತಿದ್ದರು? ಕಾಯುವವರ ಹೊಟ್ಟೆ ಯಾರು ತುಂಬಿಸುತ್ತಿದ್ದರು? ಭಾಲ್ಕಿಯನ್ನು ನಡುವಿಟ್ಟುಕೊಂಡು ಹುಡುಕಲು ಹೊರಟರೆ, ಬೆಳಿಗ್ಗೆ ಬಸ್ಸು ಹತ್ತಿ ರಾತ್ರಿಯೊಳಗೆ ಮರಳಬಹುದಾದ ದೂರದಲ್ಲೇ ಸುಮಾರು ಸಾವಿರ ವರ್ಷದ ಗ್ರಂಥಾಲಯ ಚರಿತ್ರೆ ಪದರ ಪದರವಾಗಿ ಕೂತಿದೆ! ಒಂದು ಪದರ ಎತ್ತಿದರೆ ಅದರಡಿಗೆ ಇನ್ನೊಂದು, ಅದರಡಿಗೆ ಮತ್ತೊಂದು. ಕೆಳಗಿಳಿದಷ್ಟೂ ಬೆರಗು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪಂಚಾಯತಿಯ ಒಂದು ಕೋಣೆ

ಮೇಲಿನ ಪದರದಿಂದಲೇ ಶುರು ಮಾಡೋಣ. ಭಾಲ್ಕಿ, ಔರಾದ, ಕಮಲನಗರ ಕಡೆಯ ಹಳ್ಳಿಗೆ ಹೋದರೆ ಗ್ರಾಮ ಪಂಚಾಯತಿ ಗ್ರಂಥಾಲಯ ಎಲ್ಲಿದೆ ಎಂದು ಕೇಳಿ. ಮಕ್ಕಳೇ ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಒಂದು ಕೋಣೆ, ನಾಲ್ಕೈದು ಕಬ್ಬಿಣದ ಕಪಾಟು, ಉದ್ದನೆಯ ಮೇಜು, ಅದರ ಮೇಲೆ ಅಂದಿನ ಪತ್ರಿಕೆ, ಪುಸ್ತಕ ಒಯ್ದವರು ಸಹಿ ಮಾಡುವ ರಿಜಿಸ್ಟರ್. ಮೇಲ್ನೋಟಕ್ಕೆ ಇಷ್ಟೇ. ಆದರೆ ಈ ಕೋಣೆಗೆ ಬರುವ ಮಗುವಿನ ನಾಲಿಗೆಯನ್ನು ಗಮನಿಸಿ. ಎಷ್ಟೋ ಮನೆಗಳಲ್ಲಿ ಅವ್ವನ ಜೊತೆ ಮರಾಠಿ, ಸಂತೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಮೂರು ಭಾಷೆಗಳ ನಡುವೆ ಬೆಳೆಯುವ ಮಗು ಕನ್ನಡದ ಕಥೆಪುಸ್ತಕವನ್ನು ಪರೀಕ್ಷೆಯ ಹೆದರಿಕೆಯಿಲ್ಲದೆ, ಬರೀ ಖುಷಿಗಾಗಿ ಬಿಡಿಸುವ ಜಾಗ ಹಳ್ಳಿಯಲ್ಲಿ ಇದೊಂದೇ ಇರಬಹುದು.

ರಾಜ್ಯದಲ್ಲಿ ಇಂಥ ಗ್ರಾಮ ಪಂಚಾಯತಿ ಗ್ರಂಥಾಲಯಗಳು 5,600ಕ್ಕೂ ಹೆಚ್ಚು! ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದ ಇವು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷವೇ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿತು. ಮಕ್ಕಳು ಅಕ್ಷರ ಮರೆತುಬಿಡುತ್ತಾರೇನೋ ಎಂಬ ದಿಗಿಲು ಹುಟ್ಟಿದ ಆ ಹೊತ್ತಿನಲ್ಲಿ, 2020ರ ನವೆಂಬರಿನಲ್ಲಿ 'ಓದುವ ಬೆಳಕು' ಶುರುವಾಯಿತು. ಮಕ್ಕಳಿಗೆ ಸದಸ್ಯತ್ವ ಉಚಿತ. ಸುಣ್ಣ-ಬಣ್ಣ ಕಂಡ ಗೋಡೆಗಳ ಮೇಲೆ ಚಿತ್ರ ಮೂಡಿತು, ಕಂಪ್ಯೂಟರ್ ಬಂತು, 'ಅರಿವು ಕೇಂದ್ರ' ಎಂಬ ಹೊಸ ಹೆಸರೂ ಬಂತು. ಶಾಲೆ ಮುಚ್ಚಿದ ಕಾಲದಲ್ಲಿ ಹಳ್ಳಿಯ ಗ್ರಂಥಾಲಯ ಕಣ್ಣು ಬಿಟ್ಟಿತು ಎಂದರೆ, ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ?

ಬೆಂಗಳೂರಿಗಿಂತ ಹತ್ತು ವರ್ಷ ಮೊದಲು

ಈಗ ಆ ಕೋಣೆಯ ಬುನಾದಿಯನ್ನು ಸ್ವಲ್ಪ ಕೆದಕೋಣ. ಸ್ವಾತಂತ್ರ್ಯಾನಂತರ ಭಾರತದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮೊದಲು ಕಾಯ್ದೆ ಮಾಡಿದ್ದು ಮದ್ರಾಸು, 1948ರಲ್ಲಿ. ಅದರ ಹಿಂದಿದ್ದವರು ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್. ಎರಡನೆಯದು ಯಾವುದು ಗೊತ್ತೇ? ಹೈದರಾಬಾದ್ ರಾಜ್ಯ! 1955ರ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಆಗ ಭಾಲ್ಕಿ ಎಲ್ಲಿತ್ತು? ಅದೇ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾಗಿ ಆ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿಯ ಕಡೆಗೆ ಹೋದವು, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್, ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಬಂದವು. ಆ ಮೈಸೂರು ರಾಜ್ಯ ತನ್ನದೇ ಗ್ರಂಥಾಲಯ ಕಾಯ್ದೆ ಮಾಡಿದ್ದು 1965ರಲ್ಲಿ.

ಲೆಕ್ಕ ಹಾಕಿ. ಬೆಂಗಳೂರು, ಮೈಸೂರಿನವರಿಗಿಂತ ಹತ್ತು ವರ್ಷ ಮೊದಲೇ ಭಾಲ್ಕಿಯ ರೈತ, ಔರಾದದ ಕೂಲಿಕಾರ ಕಾನೂನಿನ ಪುಸ್ತಕದಲ್ಲಿ ಗ್ರಂಥಾಲಯದ ಹಕ್ಕುದಾರರಾಗಿದ್ದರು! ಓದುವ ಜಾಗ ದೊರೆಯೋ ದಾನಿಯೋ ಮನಸ್ಸು ಬಂದಾಗ ಕೊಡುವಂಥದ್ದಲ್ಲ, ಅದನ್ನು ಕೊಡುವುದು ಸರ್ಕಾರದ ಹೊಣೆ ಎಂಬ ಮಾತು ಈ ನೆಲಕ್ಕೆ ಅಷ್ಟು ಬೇಗ ಬಂದಿತ್ತು. ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಂಡ ಸೀಮೆಯ ದಾಖಲೆಯಲ್ಲಿ ಹೀಗೊಂದು ಮುಂದಾಳುತನ ಬರೆದಿತ್ತು.

ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ

ಕಾಯ್ದೆ ಬಂತು, ಸರಿ. ಆದರೆ ಕನ್ನಡ ಓದಬಲ್ಲವರೇ ಇಲ್ಲದಿದ್ದರೆ ಕಪಾಟಿನಲ್ಲಿ ಕನ್ನಡ ಪುಸ್ತಕ ಇಟ್ಟು ಏನು ಫಲ? ಇನ್ನೊಂದು ಪದರ ಕೆಳಗಿಳಿದರೆ ನಿಜಾಮರ ಕಾಲ. ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ರಾಜಧಾನಿ ಹೈದರಾಬಾದಿನಲ್ಲಿ 1891ರಲ್ಲೇ ಹುಟ್ಟಿದ ಆಸಫಿಯಾ ಗ್ರಂಥಾಲಯದ ವೈಭವವಿತ್ತು. ಹಳ್ಳಿಯಲ್ಲಾದರೋ ನಾಲ್ಕು ಜನ ಸಭೆ ಸೇರಲೂ ಅನುಮತಿ ಬೇಕು, ಖಾಸಗಿ ಶಾಲೆ ತೆರೆಯಲೂ ಅನುಮತಿ ಬೇಕು.

ಈ ಬಿಗಿಯ ನಡುವೆ ಎದ್ದು ನಿಂತವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. 1889ರಲ್ಲಿ ಕಮಲನಗರದಲ್ಲಿ ಹುಟ್ಟಿ, ನೂರು ದಾಟಿದ ತುಂಬು ಬಾಳು ಬಾಳಿ 1999ರಲ್ಲಿ ಲಿಂಗೈಕ್ಯರಾದವರು. ಅವರು ಮಾಡಿದ ಉಪಾಯವನ್ನು ಇಂದಿಗೂ ಈ ಕಡೆಯ ಜನ ಕಣ್ಣರಳಿಸಿ ಹೇಳುತ್ತಾರೆ. ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿದರು, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು! ತಪಾಸಣೆಗೆ ಬಂದವರು ಬೋರ್ಡು ನೋಡಿ ಹೋಗುತ್ತಿದ್ದರು, ಗೋಡೆಯ ಆಚೆ ಕನ್ನಡದ ಕಾಗುಣಿತ ನಡೆದೇ ಇರುತ್ತಿತ್ತು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಮುಂದೆ ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದವರೂ ಅವರೇ.

ಇದನ್ನು ನಾವು ಭಾಷಾಭಿಮಾನದ ಕಥೆಯೆಂದೇ ಹೇಳಿಕೊಳ್ಳುತ್ತೇವೆ. ಆದರೆ ಗ್ರಂಥಾಲಯದ ಕಡೆಯಿಂದ ನೋಡಿದರೆ ಇದರ ಎತ್ತರವೇ ಬೇರೆ. ಪುಸ್ತಕವನ್ನು ಉಳಿಸಲು ಕಪಾಟು ಸಾಕು. ಪಟ್ಟದ್ದೇವರು ಉಳಿಸಿದ್ದು ಓದುಗರನ್ನು! ಒಂದು ತಲೆಮಾರು ಅಕ್ಷರ ಕಳೆದುಕೊಂಡಿದ್ದರೆ, 1955ರ ಕಾಯ್ದೆಯಾಗಲಿ ಇವತ್ತಿನ ಅರಿವು ಕೇಂದ್ರವಾಗಲಿ ಈ ಗಡಿಸೀಮೆಯಲ್ಲಿ ಯಾರಿಗಾಗಿ ಬಾಗಿಲು ತೆರೆಯಬೇಕಿತ್ತು?

ಕೇಂಬ್ರಿಡ್ಜಿನಲ್ಲಿ 330, ಬೀದರಿನಲ್ಲಿ 3,000

ಭಾಲ್ಕಿಯಿಂದ ಬೀದರಿಗೆ ಸುಮಾರು 40 ಕಿಲೋಮೀಟರ್. ಹಳೆಯ ಪೇಟೆಯ ನಡುವೆ ತಲೆಯೆತ್ತಿ ನಿಂತಿದೆ ಮಹಮೂದ್ ಗವಾನರ ಮದರಸಾ. ಪಾರಸಿ ನಾಡಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಗವಾನರು ಬಹಮನಿ ರಾಜ್ಯದ ಪ್ರಧಾನಿಯಾಗಿ ಬೆಳೆದರು. 1472ರಲ್ಲಿ ಈ ವಿದ್ಯಾಲಯ ಎದ್ದಿತು. ಮೂರು ಅಂತಸ್ತು, 205 ಅಡಿ ಉದ್ದ, 180 ಅಡಿ ಅಗಲ. ವಿದ್ಯಾರ್ಥಿಗಳಿಗೆ ಕೋಣೆಗಳು, ಗುರುಗಳಿಗೆ ಬಿಡಾರ, ಉಪನ್ಯಾಸದ ಹಜಾರ, ಮಸೀದಿ, ಗ್ರಂಥಾಲಯ. ಉಳಿದಿರುವ ಒಂದೇ ಮಿನಾರಿನ ಹತ್ತಿರ ಹೋಗಿ ಕತ್ತೆತ್ತಿ ನೋಡಬೇಕು! ನೀಲಿ, ಹಸಿರು, ಹಳದಿ, ಬಿಳಿ ಹೊಳಪಿನ ಹಂಚುಗಳು ಅಂಕುಡೊಂಕು ಪಟ್ಟೆಯಾಗಿ ಮೇಲೇರುತ್ತವೆ. ಎಷ್ಟೋ ಕಡೆ ಹಂಚು ಕಳಚಿ ಕಲ್ಲು ಕಾಣುತ್ತದೆ. ಉಳಿದ ಹಂಚುಗಳ ಮೇಲೆ ಬಿಸಿಲು ಬಿದ್ದಾಗ ಐನೂರೈವತ್ತು ವರ್ಷದ ಬಣ್ಣ ನಿನ್ನೆ ಬಳಿದಂತೆ ಮಿನುಗುತ್ತದೆ.

ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಒಂದು ಅಂಕಿ. ಚರಿತ್ರಕಾರ ಫೆರಿಶ್ತಾ ಹೇಳುವಂತೆ ಗವಾನರ ಗ್ರಂಥಾಲಯದಲ್ಲಿದ್ದ ಪುಸ್ತಕಗಳು 3,000. ಇದು ದೊಡ್ಡದೋ ಸಣ್ಣದೋ? ಅಳೆಯಲು ಅದೇ ಕಾಲದ ಇನ್ನೊಂದು ಅಂಕಿ ನೋಡಿ. ಮದರಸಾ ಕಟ್ಟಿದ ಮರುವರ್ಷ, 1473ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಪುಸ್ತಕಗಳ ಪಟ್ಟಿ ಮಾಡಿತು. ಅದರಲ್ಲಿದ್ದದ್ದು 330! ಜಗತ್ತೆಲ್ಲ ಹೆಸರು ಹೇಳುವ ಕೇಂಬ್ರಿಡ್ಜಿನಲ್ಲಿ ಮುನ್ನೂರ ಮೂವತ್ತು, ನಮ್ಮ ಬೀದರಿನಲ್ಲಿ ಮೂರು ಸಾವಿರ. ಎಲ್ಲವೂ ಕೈಬರಹದ ಪ್ರತಿಗಳು, ಒಂದೊಂದರ ಹಿಂದೆಯೂ ಒಬ್ಬೊಬ್ಬ ಲಿಪಿಕಾರನ ತಿಂಗಳುಗಟ್ಟಲೆ ದುಡಿಮೆ. ಹೆರಾತಿನ ಮಹಾಕವಿ ಜಾಮಿಗೆ ಗವಾನರು ಪತ್ರ ಬರೆದು ಬೀದರಿಗೆ ಬನ್ನಿ ಎಂದು ಕರೆದಿದ್ದರು. ಪತ್ರಲೇಖನದ ಮೇಲೆ ಸ್ವತಃ ಗ್ರಂಥ ಬರೆದಿದ್ದರು.

1481ರಲ್ಲಿ, ಅವರ ಮುದ್ರೆ ಒತ್ತಿದ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಅವರ ತಲೆ ತೆಗೆಸಿದ. 1657ರಲ್ಲಿ ಔರಂಗಜೇಬ ಬೀದರನ್ನು ಗೆದ್ದ ಮೇಲೆ ವಿದ್ಯಾಲಯದಲ್ಲಿ ಸೈನಿಕರು ಬೀಡುಬಿಟ್ಟರು, ಓದುವ ಕೋಣೆಗಳಲ್ಲಿ ಮದ್ದು ತುಂಬಿಟ್ಟರು. 1696ರಲ್ಲಿ ಆ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಎಂಥ ಪಾಠ ನೋಡಿ! ಪುಸ್ತಕ ಪೋಷಿಸುವ ಕೈ ಹೋದ ಮೇಲೆ, ಆನೆಯಂಥ ಕಟ್ಟಡವೂ ಪುಸ್ತಕಗಳನ್ನು ಕಾಪಾಡಲಿಲ್ಲ.

ಕಲ್ಯಾಣದ ವಚನ ಭಂಡಾರಿ

ಇನ್ನೂ ಕೆಳಗೆ, ಇನ್ನೂ ಮುನ್ನೂರು ವರ್ಷ ಹಿಂದೆ. ಭಾಲ್ಕಿಯ ನೆರೆಯ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿ ಒಂದನ್ನು ನಾವು ಎಷ್ಟು ಸಲ ಓದಿ ದಾಟಿಬಿಟ್ಟಿದ್ದೇವೋ: ವಚನ ಭಂಡಾರಿ ಶಾಂತರಸ. ಕಲ್ಯಾಣದಲ್ಲಿ ಎಲ್ಲರಿಗೂ ಒಂದು ಕಾಯಕ. ಒಬ್ಬರದು ದೋಣಿ ನಡೆಸುವುದು, ಒಬ್ಬರದು ಚಪ್ಪಲಿ ಹೊಲಿಯುವುದು, ಒಬ್ಬರದು ಬಟ್ಟೆ ಮಡಿ ಮಾಡುವುದು, ಒಬ್ಬರದು ಅಕ್ಕಿ ಆಯುವುದು. ಶಾಂತರಸನ ಕಾಯಕ ವಚನಗಳನ್ನು ಕಾಯುವುದು! ಶರಣರ ಮಾತನ್ನೆಲ್ಲ ಒಟ್ಟುಮಾಡಿ, ಜೋಡಿಸಿ, ಕೆಡದಂತೆ ನೋಡಿಕೊಳ್ಳುವುದು. ಆತನೇ ಬರೆದ ಅರವತ್ತಕ್ಕೂ ಹೆಚ್ಚು ವಚನಗಳು ಇವತ್ತಿಗೂ ಸಿಗುತ್ತವೆ. ಗ್ರಂಥಪಾಲನೂ ಹೌದು, ಕವಿಯೂ ಹೌದು.

ಈ ಭಂಡಾರದಲ್ಲಿ ಯಾರ ಮಾತು ಸೇರುತ್ತಿತ್ತು ಎಂಬುದನ್ನು ನೆನೆಸಿಕೊಂಡರೆ ಮೈ ನವಿರೇಳುತ್ತದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ಅಕ್ಕಮಹಾದೇವಿ. ಅಕ್ಷರದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮಾತು ಅದೇ ಅಕ್ಷರದಲ್ಲಿ ಬರೆದು ಇಡಬೇಕಾದ ಸಂಪತ್ತಾಯಿತು. ಸಾರ್ವಜನಿಕ ಗ್ರಂಥಾಲಯ ಎಂಬುದರ ತಿರುಳು ಇದೇ ತಾನೆ? ಎಲ್ಲರೂ ಓದಬೇಕು ಎನ್ನುವುದಕ್ಕೂ ಮೊದಲು, ಎಲ್ಲರ ಮಾತೂ ಅಲ್ಲಿರಬೇಕು. ಕಲ್ಯಾಣ ಕಲಕಿಹೋದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತುಕೊಂಡೇ ಊರು ಬಿಟ್ಟರು ಎಂದು ಪರಂಪರೆ ನಂಬುತ್ತದೆ. ಗೋಡೆ ಉಳಿಯಲಿಲ್ಲ, ಕಟ್ಟಡ ಉಳಿಯಲಿಲ್ಲ. ಕಾಯುವವರು ಉಳಿದರು, ಅದಕ್ಕೆ ವಚನ ಉಳಿಯಿತು.

ನಾಗಾವಿಯ ಆರು ಮಂದಿ

ಇದೇ ತಳ ಎಂದುಕೊಂಡರೆ ಅಲ್ಲ! ಇದರಡಿಗೆ ಇನ್ನೊಂದು ಕಲ್ಲಿದೆ. ಅದನ್ನು ನೋಡಲು ದಕ್ಷಿಣಕ್ಕೆ, ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಗೆ ಹೋಗಬೇಕು. ಇವತ್ತು ಜನ ಅಲ್ಲಿಗೆ ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಸುತ್ತ ತೊಗರಿ ಹೊಲ, ಹಳೆಯ ಗುಡಿಗಳು, ಕಂಬಗಳ ಸಾಲು. ಆದರೆ ಹನ್ನೊಂದನೆಯ ಶತಮಾನದಲ್ಲಿ ಇದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ. ನಾಡನ್ನು ಆಳುತ್ತಿದ್ದದ್ದು ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರ. ಅವನ ದಂಡನಾಯಕ ಮಧುಸೂದನ ಇಲ್ಲಿ ಗುಡಿ ಕಟ್ಟಿಸಿ, ವಿದ್ಯಾಲಯಕ್ಕೆ ದತ್ತಿ ಬಿಟ್ಟು, 1058ರಲ್ಲಿ ಶಾಸನ ಹಾಕಿಸಿದ. ವೇದ ಓದುವ ವಿದ್ಯಾರ್ಥಿಗಳೇ 200 ಮಂದಿ. ವೇದ ಕಲಿಸಲು ಮೂವರು, ಶಾಸ್ತ್ರ ಕಲಿಸಲು ಮೂವರು ಗುರುಗಳು. ಅಷ್ಟಕ್ಕೇ ನಿಲ್ಲದೆ ಶಾಸನ ಇನ್ನೂ ಆರು ಮಂದಿಯನ್ನು ಹೆಸರಿಸುತ್ತದೆ: ಸರಸ್ವತೀ ಭಂಡಾರಿಗರು. ಗ್ರಂಥಪಾಲಕರು! ಪಾಠ ಹೇಳುವವರು ಆರು, ಪುಸ್ತಕ ಕಾಯುವವರೂ ಆರು!

ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯವೆಂದು ಕರೆಯುವ ಬೊಲೋನ್ಯಾ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವುದು 1088. ಅದಕ್ಕೂ ಮೂವತ್ತು ವರ್ಷ ಮೊದಲು ನಮ್ಮ ನಾಗಾವಿಯಲ್ಲಿ ಆರು ಗ್ರಂಥಪಾಲಕರ ಹುದ್ದೆ ಕಲ್ಲಿನ ಮೇಲೆ ಕೊರೆದಾಗಿತ್ತು.

ಆರು ಮಂದಿ ಯಾಕೆ ಬೇಕಿತ್ತು? ತಾಳೆಗರಿಯ ಪುಸ್ತಕದ ಸ್ವಭಾವ ಗೊತ್ತಿದ್ದವರಿಗೆ ಉತ್ತರ ತಾನೇ ಹೊಳೆಯುತ್ತದೆ. ಗರಿಯನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಟದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು. ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕಿ ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಂತು ಸಾಲು ಎದ್ದು ಬರುತ್ತದೆ. ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕು. ಅಲ್ಲಿಗೂ ಮುಗಿಯಲಿಲ್ಲ. ಆಗಾಗ ಕಟ್ಟು ಬಿಚ್ಚಿ ಗಾಳಿಗೆ ಹಿಡಿಯಬೇಕು, ಎಣ್ಣೆ ಸವರಬೇಕು, ಹುಳ ಬಿದ್ದಿದೆಯೇ ನೋಡಬೇಕು. ಗರಿ ಮುರುಕಲಾಗುವ ಮೊದಲೇ ಹೊಸ ಗರಿಗೆ ಪ್ರತಿ ಮಾಡಬೇಕು. ತಾಳೆಗರಿಯ ಓದು ತಲೆಮಾರಿನಿಂದ ತಲೆಮಾರಿಗೆ ಬರುವುದು ಪ್ರತಿ ಮಾಡುವ ಕೈಯಿಂದಲೇ. ಆ ಕೈ ನಿಂತರೆ ಪುಸ್ತಕ ಪುಡಿ. ಇದನ್ನು ಅರಿತೇ ಶಾಸನ ಗುರುಗಳ ಜೊತೆಗೆ ಭಂಡಾರಿಗರಿಗೂ ಭೂಮಿ ಬಿಟ್ಟಿತು. ಕಾಯುವವನ ಮನೆಯ ಒಲೆ ಉರಿದರೆ ಮಾತ್ರ ಕಾಯ್ದದ್ದು ಉಳಿಯುತ್ತದೆ ಎಂಬ ವ್ಯವಹಾರಜ್ಞಾನ ಅದು!

ಹೌದು, ನಾಗಾವಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದ-ಶಾಸ್ತ್ರ ಓದಲು ಯಾರಿಗೆ ಅವಕಾಶವಿತ್ತೋ ಅವರಿಗಷ್ಟೇ. ಆದರೆ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಜೋಡಿಸಿ ನೋಡಿ. ಪ್ರತಿ ಪದರದಲ್ಲೂ ಬಾಗಿಲು ಒಂದಿಷ್ಟು ಅಗಲವಾಗಿದೆ. ಕಲ್ಯಾಣದಲ್ಲಿ ಕಾಯಕದವರ ಮಾತು ಒಳಗೆ ಬಂತು. ಬೀದರಿನಲ್ಲಿ ಕಡಲಾಚೆಯ ವಿದ್ವತ್ತು ಬಂದು ಕೂಡಿತು. ಭಾಲ್ಕಿಯಲ್ಲಿ ಬಡ ರೈತರ ಮಕ್ಕಳಿಗೆ ಕನ್ನಡದ ಅಕ್ಷರ ಸಿಕ್ಕಿತು. 1955ರಲ್ಲಿ ಕಾನೂನು ಬಂತು. ಇವತ್ತು ಕೂಲಿಗೆ ಹೋದ ತಾಯಿಯ ಮಗಳು ದುಡ್ಡು ಕೊಡದೆ ಸದಸ್ಯೆಯಾಗುತ್ತಾಳೆ.

ಇನ್ನೊಂದು ಅಚ್ಚರಿಯನ್ನೂ ಹೇಳಲೇಬೇಕು. ನಾಗಾವಿಯ ಈ ಶಾಸನಗಳನ್ನು ಓದಿಸಿ, 1928ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ್ದು ಯಾರು ಗೊತ್ತೇ? ನಿಜಾಮರದೇ ಪುರಾತತ್ವ ಇಲಾಖೆ! ಸಂಪಾದಿಸಿದವರು ಸಿ. ಆರ್. ಕೃಷ್ಣಮಾಚಾರ್ಲು. ಇಲಾಖೆಯ ಮುಖ್ಯಸ್ಥರಾಗಿದ್ದವರು ಗುಲಾಮ್ ಯಜ್ದಾನಿ, ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಮೇಲೆ 1947ರಲ್ಲಿ ಮಹಾಗ್ರಂಥ ಹೊರತಂದ ವಿದ್ವಾಂಸ. ಒಂದು ಕಡೆ ಕನ್ನಡ ಕಲಿಸಲು ಉರ್ದು ಬೋರ್ಡಿನ ಮರೆ ಬೇಕಾದ ಕಾಲ. ಅದೇ ಕಾಲದಲ್ಲಿ, ಅದೇ ರಾಜ್ಯದಲ್ಲಿ, ಕನ್ನಡ ನಾಡಿನ ಗ್ರಂಥಪಾಲಕರ ನೆನಪು ಕಲ್ಲಿನಿಂದ ಕಾಗದಕ್ಕೆ ಇಳಿಯಿತು. ಪುಸ್ತಕವನ್ನು ಪ್ರೀತಿಸುವವರು ಯಾವ ಬಿಗಿಯಲ್ಲೂ ಎಲ್ಲೋ ಒಂದು ಕಡೆ ಕೆಲಸ ಮಾಡುತ್ತಲೇ ಇರುತ್ತಾರೆ.

ಮನೆ ಕಂದಾಯದ ರಸೀದಿ

ಇಷ್ಟೆಲ್ಲ ಅಗೆದ ಮೇಲೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ. ಗ್ರಂಥಾಲಯ ಉಳಿಯುವುದು ಕಟ್ಟಡದಿಂದಲ್ಲ, ಅದನ್ನು ಕಾಯುವ ಮನುಷ್ಯನಿಂದ. ಅವನನ್ನು ಸಾಕುವವರು ಇದ್ದಷ್ಟು ದಿನ ಪುಸ್ತಕ ಬಾಳುತ್ತದೆ. ಹಾಗಿದ್ದರೆ ಇವತ್ತಿನ ಹಳ್ಳಿಯ ಭಂಡಾರಿ ಯಾರು? ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕರು. ಬಾಗಿಲು ತೆಗೆದು, ಕಸ ಹೊಡೆದು, ಪತ್ರಿಕೆ ಹರಡಿ, ಮಕ್ಕಳಿಗೆ ಕಥೆ ಓದಿ ಹೇಳುವವರು ಅವರೇ. ಬಹಳ ವರ್ಷ ಬರೀ ಗೌರವಧನದ ಮೇಲೆ ಈ ಕೆಲಸ ಎಳೆದುಕೊಂಡು ಬಂದವರು. ಅವರ ಸಂಬಳದ ಮಾತು ಬಂದಾಗಲೆಲ್ಲ ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವ ಹಕ್ಕು ಈ ನೆಲದ ಚರಿತ್ರೆ ಬಲ್ಲ ಯಾರಿಗೂ ಇಲ್ಲ.

ಇವತ್ತಿನ ದಾನಿ ಯಾರು? ಇಲ್ಲಿದೆ ನೋಡಿ ಕೊನೆಯ ಅಚ್ಚರಿ. ಮನೆ ಕಂದಾಯ ಕಟ್ಟಿದಾಗ ಪಂಚಾಯತಿ ಕೊಡುವ ರಸೀದಿಯನ್ನು ಬಿಚ್ಚಿ ಓದಿ. ಗ್ರಂಥಾಲಯ ಕರ ಎಂಬ ಒಂದು ಸಾಲಿರುತ್ತದೆ. ಕಂದಾಯದ ಪ್ರತಿ ರೂಪಾಯಿಯ ಮೇಲೆ 6 ಪೈಸೆ! ಒಂದು ಕಾಲಕ್ಕೆ ದಂಡನಾಯಕ ಮಾಡುತ್ತಿದ್ದ, ಪ್ರಧಾನಿ ಮಾಡುತ್ತಿದ್ದ, ಮಠಾಧೀಶರು ಜೋಳಿಗೆ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಊರಿನ ಪ್ರತಿ ಮನೆಯೂ ಮಾಡುತ್ತಿದೆ. ತಗಡಿನ ಮನೆಯವರೂ ಮಾಡುತ್ತಿದ್ದಾರೆ, ಗೊತ್ತಿಲ್ಲದೆಯೇ ಮಾಡುತ್ತಿದ್ದಾರೆ.

ಆದ್ದರಿಂದ ಭಾಲ್ಕಿ, ಔರಾದ, ಬೀದರಿನ ಹಳ್ಳಿಗಳ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಗ್ರಾಮಸಭೆಗೆ ಆ ರಸೀದಿ ಹಿಡಿದುಕೊಂಡು ಹೋಗಿ. ಈ ವರ್ಷ ಎಷ್ಟು ಗ್ರಂಥಾಲಯ ಕರ ಕೂಡಿತು, ಎಷ್ಟು ಗ್ರಂಥಾಲಯಕ್ಕೆ ಸೇರಿತು, ಯಾವ ಹೊಸ ಪುಸ್ತಕ ಬಂತು, ಮೇಲ್ವಿಚಾರಕರ ಸಂಬಳ ಕಾಲಕ್ಕೆ ಸರಿಯಾಗಿ ಆಯಿತೇ ಎಂದು ಎದ್ದು ನಿಂತು ಕೇಳಿ. ಮಗಳಿಗೆ ಯಾವ ಕಥೆಪುಸ್ತಕ ಬೇಕು ಎಂದು ಮನೆಯಲ್ಲೇ ಕೇಳಿಕೊಂಡು ಹೋಗಿ, ಆ ಹೆಸರನ್ನೂ ಬರೆಸಿ. ಕೊಟ್ಟವರು ನೀವು. ಕೇಳುವ ಹಕ್ಕೂ ನಿಮ್ಮದೇ.